ಅಫಜಲಪುರದ ಮಿರ್ಚಿ ಪಾವ್ ಮತ್ತು ನನ್ನ ಷಡ್ಡಕ

ಭಾನುವಾರ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ನನ್ನ ನಸೀಬು ಕೆಟ್ಟಿತು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವೆಂದರೆ, ಆ ಗಳಿಗೆಯಲ್ಲಿ ನಾನು ಬೇಕೆಂದೇ ಕೈಗಡಿಯಾರ ನೋಡಿಕೊಂಡಿದ್ದೆ. ನನ್ನ ಮಾವನವರು ಅಫಜಲಪುರದ ಬಸ್ ನಿಲ್ದಾಣದ ಹಿಂದಿರುವ ಗುರುಬಾಯಿಯ ಅಂಗಡಿಯಲ್ಲಿ ಬೆಂಚಿನ ಮೇಲೆ ಕುಳಿತು, ಮಿರ್ಚಿ ಪಾವಿನ ಮೊದಲ ತುತ್ತು ಕಚ್ಚಿ, ಕಣ್ಣು ಮುಚ್ಚಿ ನಿಧಾನವಾಗಿ ಅಗಿಯತೊಡಗಿದ್ದರು. ಅವರು ಕಣ್ಣು ತೆರೆದು ‘ಹೌದು, ಇದೇ’ ಎಂದು ಒಂದು ಮಾತು ಹೇಳಿದ್ದರೆ ಹೆಂಡತಿಯ ತವರುಮನೆಯಲ್ಲಿ ನನ್ನ ಮರ್ಯಾದೆ ಜನ್ಮಕ್ಕಾಗುವಷ್ಟು ಉಳಿಯುತ್ತಿತ್ತು. ಆ ಮಾತು ಹುಟ್ಟಿದ ಹೊತ್ತನ್ನು ನೆನಪಿಟ್ಟುಕೊಳ್ಳಬೇಕೆಂದು ಗಡಿಯಾರ ನೋಡಿದೆ. ಮಾತು ಬರಲಿಲ್ಲ. ಬೆಂಕಿ ಬಂತು.

ಬೆಂಕಿಯ ವಿಷಯಕ್ಕೆ ಹೋಗುವ ಮುಂಚೆ ಒಂದು ಸಂಗತಿ ಒಪ್ಪಿಕೊಳ್ಳಬೇಕು. ತಮಗೆ ಸಿಟ್ಟು ಜಾಸ್ತಿ ಎಂದು ಹೇಳಿಕೊಳ್ಳುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಹೇಳುವಾಗ ಅವರ ದನಿಯಲ್ಲಿ ಒಂದು ಠೀವಿಯೂ ಇರುತ್ತದೆ. ಸೋಮಾರಿಗಳು ತಮ್ಮ ಸೋಮಾರಿತನವನ್ನು ನಗುತ್ತಲೇ ಹೇಳುತ್ತಾರೆ. ಮರೆವಿನವರಂತೂ ಮದುವೆ ಮನೆಯಲ್ಲಿ ತಮ್ಮ ಮರೆವಿನ ಕತೆಗಳಿಂದಲೇ ಪಂಕ್ತಿ ಪೂರಾ ನಗಿಸುತ್ತಾರೆ. ಆದರೆ ‘ನನಗೆ ಹೊಟ್ಟೆಕಿಚ್ಚು ಜಾಸ್ತಿ’ ಎಂದು ಜನರ ಮುಂದೆ ಹೇಳಿಕೊಂಡ ಒಬ್ಬ ಗಂಡಸನ್ನೂ ನಾನು ನೋಡಿಲ್ಲ. ಹಾಗಾಗಿ ಅದನ್ನು ನಾನೇ ಹೇಳಿಬಿಡುತ್ತೇನೆ. ಲೋಕದ ಮೇಲೆಲ್ಲ ನನಗೆ ಹೊಟ್ಟೆಕಿಚ್ಚಿಲ್ಲ. ನನ್ನ ಜೊತೆ ಓದಿದವರು ದೊಡ್ಡ ದೊಡ್ಡ ಹುದ್ದೆಗೆ ಹೋದರು, ಒಳ್ಳೆಯದಾಯಿತು. ಪಕ್ಕದ ಮನೆಯವರು ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಿದರು, ಅದರಿಂದ ನಮ್ಮ ಅಂಗಳಕ್ಕೇ ನೆರಳು ಬಂತು. ನನ್ನ ಹೊಟ್ಟೆಕಿಚ್ಚು ಇಡಿಯಾಗಿ ಒಬ್ಬನಿಗೇ ಮೀಸಲು. ಅವನು ನನ್ನ ಷಡ್ಡಕ ಶಿವರಾಜ, ಅಂದರೆ ನನ್ನ ಹೆಂಡತಿ ಸುವರ್ಣಾಳ ತಂಗಿ ಶಶಿಕಲಾಳ ಗಂಡ.

ಷಡ್ಡಕತನ ಒಂದು ವಿಚಿತ್ರ ಸಂಬಂಧ. ಅಣ್ಣತಮ್ಮಂದಿರಿಗೆ ಹಂಚಿಕೊಳ್ಳಲು ಬಾಲ್ಯವಿರುತ್ತದೆ, ಆಮೇಲೆ ಹೊಲವಿರುತ್ತದೆ. ಗೆಳೆಯರಿಗೆ ಗುಟ್ಟುಗಳಿರುತ್ತವೆ. ಷಡ್ಡಕರಿಗೆ ಇರುವುದು ಒಬ್ಬ ಮಾವ, ಒಬ್ಬ ಅತ್ತೆ ಮತ್ತು ಒಂದು ತಕ್ಕಡಿ. ತಕ್ಕಡಿ ಅತ್ತೆಯ ಕೈಯಲ್ಲಿರುತ್ತದೆ. ನೀವು ಕೂತರೂ ನಿಂತರೂ ಇನ್ನೊಂದು ತಟ್ಟೆ ಮೇಲೋ ಕೆಳಗೋ ಹೋಗುತ್ತಲೇ ಇರುತ್ತದೆ. ಶಿವರಾಜ ಆಳಂದದಲ್ಲಿ ತೊಗರಿ ಬೇಳೆಯ ಮಿಲ್ಲು ಇಟ್ಟುಕೊಂಡಿದ್ದಾನೆ. ಬರುವಾಗ ಬೇಳೆಯ ಚೀಲ ತರುತ್ತಾನೆ. ಅತ್ತೆಯ ಮಿಕ್ಸರ್ ಕೆಟ್ಟರೆ ಪಡಸಾಲೆಯಲ್ಲೇ ಕೂತು ಬಿಚ್ಚಿ ಸರಿಮಾಡುತ್ತಾನೆ. ಮಾವನವರ ಮೊಣಕಾಲು ನೋವಿಗೆ ಅದೆಲ್ಲಿಂದಲೋ ಎಣ್ಣೆ ಹುಡುಕಿ ತಂದು, ಬೇಡವೆಂದರೂ ತಿಕ್ಕಿಯೇ ಬಿಡುತ್ತಾನೆ. ನಾನು ಅಫಜಲಪುರದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು. ಹೋಗುವಾಗ ಒಂದು ಡಜನ್ ಬಾಳೆಹಣ್ಣು ಒಯ್ಯುತ್ತೇನೆ. ಮಿಕ್ಸರ್ ಕೆಟ್ಟಾಗ ಬೇಡಿಕೆ ಪೂರೈಕೆಯ ಬಗ್ಗೆ ಹೇಳಲು ಬರುವುದಿಲ್ಲ. ಇಷ್ಟಾಗಿ ಆ ಶಿವರಾಜ ಒಳ್ಳೆಯವನು. ನನ್ನನ್ನು ‘ಅಣ್ಣಾರ’ ಎಂದೇ ಕರೆಯುತ್ತಾನೆ, ಕಂಡಾಗಲೆಲ್ಲ ಕಾಲು ಮುಟ್ಟಲು ಬಗ್ಗುತ್ತಾನೆ. ಸ್ವಲ್ಪ ಕೆಟ್ಟವನಾಗಿದ್ದರೂ ನನ್ನ ಅರ್ಧ ಕೆಲಸವನ್ನು ಅವನೇ ಮಾಡಿಕೊಟ್ಟಂತಾಗುತ್ತಿತ್ತು.

ಇಂಥ ಮನುಷ್ಯನೆದುರು ನನಗೆ ಇದ್ದದ್ದು ಒಂದೇ ಒಂದು ಹೆಚ್ಚುಗಾರಿಕೆ. ಎಲ್ಲಿ ಏನು ತಿನ್ನಬೇಕು ಎಂಬುದು ನನಗೆ ಗೊತ್ತು. ಗಾಣಗಾಪುರಕ್ಕೆ ದತ್ತಾತ್ರೇಯನ ದರ್ಶನಕ್ಕೆ ಹೊರಟ ನೆಂಟರೆಲ್ಲ ಮೊದಲು ನನಗೆ ಫೋನ್ ಮಾಡುತ್ತಾರೆ. ದರ್ಶನದ ಸರತಿಯ ಬಗ್ಗೆ ಕೇಳುವುದಿಲ್ಲ, ವಾಪಸ್ ಬರುವಾಗ ಎಲ್ಲಿ ಗಾಡಿ ನಿಲ್ಲಿಸಬೇಕು ಎಂದು ಕೇಳುತ್ತಾರೆ. ಸೊನ್ನದ ಬ್ಯಾರೇಜು ನೋಡಲು ಬಂದವರಿಗೆ ನಾನು ಭೀಮಾ ನದಿಯನ್ನು ತೋರಿಸುವುದು ಲಗುಬಗೆಯಿಂದ, ಯಾಕೆಂದರೆ ಅಫಜಲಪುರದಲ್ಲಿ ಗುರುಬಾಯಿ ನಾಲ್ಕು ಗಂಟೆಗೆ ಬಾಣಲೆ ಇಡುತ್ತಾಳೆ. ಜೇವರ್ಗಿಯ ಮಾವನ ಮನೆಯಲ್ಲಿ ತಿನ್ನುವ ಮಾತು ಬಂದರೆ ಸಾಕು, ಅತ್ತೆಯೂ ಸಹ ‘ಅದು ಮಾಸ್ತರ್ರಿಗೆ ಗೊತ್ತಿರ್ತದ, ಅವರಿಗೆ ಕೇಳ್ರಿ’ ಅನ್ನುತ್ತಿದ್ದರು. ಲೆಕ್ಚರರ್ ಆದ ನನ್ನನ್ನು ಆ ಮನೆಯವರು ಮಾಸ್ತರನನ್ನಾಗಿ ಮಾಡಿ ಎಷ್ಟೋ ವರ್ಷವಾಯಿತು. ಅದನ್ನೂ ನಾನು ಈ ಒಂದು ಮಾತಿನ ಸಲುವಾಗಿ ನುಂಗಿಕೊಂಡಿದ್ದೆ.

ಬೇಸಿಗೆಯಲ್ಲಿ ಮಾವಿನ ಹಣ್ಣು ಬಂತೆಂದರೆ ನಮ್ಮ ಕಡೆ ಅಳಿಯಂದಿರನ್ನು ಸೀಕರಣಿ ಊಟಕ್ಕೆ ಕರೆಯುವುದು ರೂಢಿ. ಹೋಳಿಗೆ, ಹಣ್ಣಿನ ರಸದ ಸೀಕರಣಿ, ಮೇಲೆ ತುಪ್ಪ. ಹಿರಿಯ ಅಳಿಯ ಮೊದಲು ಕೂಡಬೇಕು, ಸೀಕರಣಿಯ ಮೊದಲ ಸೌಟು ಅವನ ತಾಟಿಗೆ ಬೀಳಬೇಕು. ಆ ಸೌಟು ಬೀಳುವಾಗ ನಾನು ಪ್ರತಿವರ್ಷ ಓರೆಗಣ್ಣಿನಲ್ಲಿ ಶಿವರಾಜನ ಖಾಲಿ ತಾಟನ್ನು ನೋಡುತ್ತೇನೆ. ಈ ವರ್ಷವೂ ನೋಡಿದೆ. ಎಲ್ಲ ಸರಿಯಾಗಿಯೇ ನಡೆದಿತ್ತು. ಊಟ ಮುಗಿದು ಎಲ್ಲರೂ ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಉರುಳಿಕೊಂಡಾಗ ಶಿವರಾಜ ಸುಮ್ಮನೆ ಮಲಗಿದ್ದರಾಗುತ್ತಿತ್ತು. ಅವನು ಅಡಿಕೆ ಅಗಿಯುತ್ತ, “ಅಣ್ಣಾರ, ನೀವು ಬ್ಯಾಸರ ಮಾಡ್ಕೊಬ್ಯಾಡ್ರಿ, ಆದ್ರ ಮಿರ್ಚಿ ಪಾವ್ ಅಂದ್ರ ಅದು ನಮ್ಮ ಆಳಂದದ್ದರಿ,” ಅಂದ.

ಮಿರ್ಚಿ ಪಾವ್ ತಿಳಿಯದ ಓದುಗರಿಗಾಗಿ ಒಂದೆರಡು ಮಾತು. ಪಾವನ್ನು ನಡುವೆ ಸೀಳಿ, ಒಳಗೆ ಖಾರ ಸವರಿ, ಈಗಷ್ಟೇ ಎಣ್ಣೆಯಿಂದ ತೆಗೆದ ಮೆಣಸಿನಕಾಯಿ ಭಜಿಯನ್ನಿಟ್ಟು, ಅಂಗೈಯಿಂದ ಒಂದು ಸಲ ಒತ್ತಿ ಕೊಡುತ್ತಾರೆ. ಇದಿಷ್ಟೇ. ಆದರೆ ಸೀಳುವುದರಲ್ಲಿ, ಸವರುವುದರಲ್ಲಿ, ಒತ್ತುವುದರಲ್ಲಿ ಊರೂರಿಗೆ ಜಗಳವಿದೆ. ಆಳಂದದಲ್ಲಿ ಶಿವರಾಜ ಹೇಳುವ ಅಂಗಡಿಯವನು ಪಾವನ್ನು ಹಂಚಿನ ಮೇಲೆ ಬೆಣ್ಣೆ ಹಚ್ಚಿ ಕೆಂಪಗೆ ಸುಟ್ಟು, ಬೆಳ್ಳುಳ್ಳಿ ಖಾರ ಮೆತ್ತುತ್ತಾನೆ. ಸೊಲ್ಲಾಪುರ ಹತ್ತಿರವಾದ್ದರಿಂದ ಅವನ ಕೈಗೆ ಮರಾಠಿ ಗಾಳಿ ಬಡಿದಿದೆ ಎಂಬುದು ನನ್ನ ಅಭಿಪ್ರಾಯ. ಜೇವರ್ಗಿಯ ಅಂಗಡಿಯಲ್ಲಿ ಭಜಿಯ ಹೊಟ್ಟೆ ಸೀಳಿ ಹುಣಸೆ ರಸ, ಅಜವಾನ ತುಂಬಿ, ಮೇಲೆ ಹಸಿ ಈರುಳ್ಳಿ ಉದುರಿಸುತ್ತಾರೆ. ನನ್ನ ಗುರುಬಾಯಿ ಪಾವನ್ನು ಸುಡುವುದಿಲ್ಲ, ಬೆಣ್ಣೆ ಮುಟ್ಟಿಸುವುದಿಲ್ಲ. ಮೆತ್ತನೆಯ ಪಾವಿನೊಳಗೆ ಕುಟ್ಟಿದ ಶೇಂಗಾ ಹಿಂಡಿ ಉದುರಿಸಿ, ಎರಡು ಹನಿ ಗಟ್ಟಿ ಮೊಸರು ಬಿಡುತ್ತಾಳೆ. ಭಜಿಯ ಬಿಸಿಗೆ ಹಿಂಡಿಯೂ ಮೊಸರೂ ಕೂಡಿಕೊಂಡು ಆಗುವ ಆ ಸಂಗತಿಯನ್ನು ನಾನು ಕಾಗದದ ಮೇಲೆ ಬರೆಯಲು ಹೋಗುವುದಿಲ್ಲ.

“ಆಳಂದದ್ದು ಬ್ರೆಡ್ ಟೋಸ್ಟಪಾ, ಅದಕ್ಕ ಮಿರ್ಚಿ ಪಾವ್ ಅನ್ನಬ್ಯಾಡ,” ಎಂದೆ ನಾನು.

“ಒಮ್ಮೆ ತಿಂದು ನೋಡ್ರಿ ಅಣ್ಣಾರ.”

“ನಾ ತಿಂದೇನಿ. ಅದಕ್ಕೇ ಹೇಳಾಕತ್ತೇನಿ.”

ಮಲಗಿದ್ದಾರೆಂದುಕೊಂಡಿದ್ದ ಮಾವನವರು ಕಣ್ಣು ಮುಚ್ಚಿಕೊಂಡೇ ಮಾತಾಡಿದರು. ಐವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದವರು. ದರ ಹೇಳುವ ದನಿಯಲ್ಲೇ ಎಲ್ಲವನ್ನೂ ಹೇಳುತ್ತಾರೆ. “ಇಬ್ಬರಿಗೂ ತಿಳಿಯಂಗಿಲ್ಲ. ನಮ್ಮ ಜೇವರ್ಗಿದು ಬಿಟ್ಟು ಉಳಿದದ್ದೆಲ್ಲ ಹಿಟ್ಟು. ಆದ್ರೂ ಹಟಾ ಮಾಡಾಕತ್ತೀರಂದ್ರ ನಾಳಿ ಮೂರೂ ಊರು ಅಡ್ಡ್ಯಾಡೋಣ. ಶಿವಣ್ಣನ ಗಾಡಿ ಅದ. ನಾ ತಿಂದು ಹೇಳ್ತೇನಿ.”

ಒಳಗಿನಿಂದ ಅತ್ತೆ, “ಈ ಬಿಸಲಾಗ ಮುದುಕಗ ಮಿರ್ಚಿ ತಿನಸಾಕ ಒಯ್ತೀರಿ? ಹೊಟ್ಟಿ ಕೆಟ್ರ ಯಾರ್ ನೋಡ್ಬೇಕು?” ಅಂದರು.

“ಹೊಟ್ಟಿ ನಂದು. ನೀ ಸುಮ್ನಿರು,” ಎಂದರು ಮಾವ.

ಹೀಗೆ ನನ್ನ ಏಕೈಕ ಆಸ್ತಿಯನ್ನು ಪಣಕ್ಕಿಟ್ಟು ಭಾನುವಾರ ನಾವು ಮೂವರು ಹೊರಟೆವು. ಬೆಳಿಗ್ಗೆ ಪೂಜೆ ಮುಗಿಸಿದ ಮಾವನವರು ಜೇವರ್ಗಿಯಲ್ಲೇ ಒಂದು ತಿಂದು, ನಿತ್ಯದ ಸಂಗತಿಯೆಂಬಂತೆ ತಲೆಯಾಡಿಸಿದರು. ಮಧ್ಯಾಹ್ನ ಆಳಂದ ಮುಟ್ಟಿದೆವು. ಅಲ್ಲಿ ಅವರು ಒಂದು ತಿಂದರು, ತುಟಿ ಒರೆಸಿಕೊಂಡು, “ಇನ್ನೊಂದು ತರಸು ಶಿವಣ್ಣ,” ಅಂದರು. ಇನ್ನೊಂದು ಎಂಬ ಆ ಮಾತು ನನ್ನ ಎದೆಗೆ ನಾಟಿತು. ಶಿವರಾಜ ಓಡಿಹೋಗಿ ತಂದ. ಅವನು ಗೆದ್ದಾಗ ಏನೂ ಹೇಳುವುದಿಲ್ಲ, ಅದೂ ನನಗೆ ಆಗುವುದಿಲ್ಲ. ಅಲ್ಲಿಂದ ಅಫಜಲಪುರದ ದಾರಿ ಹಿಡಿದಾಗ ನನ್ನ ಚಿಂತೆಯೆಲ್ಲ ಮಾವನವರ ಹೊಟ್ಟೆಯದೇ. ತುಂಬಿದ ಹೊಟ್ಟೆಗೆ ಗುರುಬಾಯಿಯ ಪಾವ್ ಕೊಟ್ಟರೆ ನ್ಯಾಯ ಸಿಗುವುದು ಹೇಗೆ? ನಿಂಬರ್ಗಾದ ಹತ್ತಿರ ಕಾರು ನಿಲ್ಲಿಸಲು ಹೇಳಿ, “ಮಾವಾರ, ಜರಾ ಇಳದು ಅಡ್ಡ್ಯಾಡ್ರಿ, ಹೊಲ ನೋಡ್ರಿ,” ಅಂದೆ.

ಮಾವನವರು ಕಿಟಕಿಯಿಂದ ಹೊರಗೆ ನೋಡಿದರು. ತೊಗರಿ ಕೊಯ್ದು, ನೇಗಿಲು ಹೊಡೆದು ಬಿಟ್ಟ ಕರಿ ಹೊಲ ಬಿಸಿಲಲ್ಲಿ ಬಿರುಕು ಬಿಟ್ಟು ಬಿದ್ದಿತ್ತು. “ಏನ್ ನೋಡ್ಲಿ ಮಾಸ್ತರ, ಮಣ್ಣ?”

“ಮಣ್ಣು ಛಂದ ಅದರಿ ಮಾವಾರ.”

“ಅಣ್ಣಾರು ಪಾವ್ ಅರಗಸಾಕ ನೋಡಾಕತ್ತಾರ,” ಎಂದು ಶಿವರಾಜ ನಗುತ್ತ ಹೇಳಿದ. ಮಾವನೂ ನಕ್ಕರು. ಆದರೂ ಇಳಿದು ನಾಲ್ಕು ಹೆಜ್ಜೆ ಓಡಾಡಿದರು. ಅಷ್ಟರ ಮಟ್ಟಿಗೆ ನನಗೆ ಸಮಾಧಾನ.

ಈಗ ಗುರುಬಾಯಿಯ ಅಂಗಡಿ. ಅಂಗಡಿಯೆಂದರೆ ಮೇಲೊಂದು ತಗಡು, ಮುಂದೊಂದು ಕಟ್ಟಿಗೆಯ ಮೇಜು, ಮೇಜಿನ ಮೇಲೆ ಗ್ಯಾಸಿನ ಭಟ್ಟಿ, ಪಕ್ಕದಲ್ಲಿ ಗಿರಾಕಿಗಳಿಗೆ ಒಂದು ಬೆಂಚು. ಮೇಜಿನ ಕೆಳಗೆ ಸಿಲಿಂಡರು. ನಮ್ಮ ಸೀಮೆಯ ಬೇಸಿಗೆಯಲ್ಲಿ ಕುಡಿಯುವ ನೀರಿನ ಕೊಡಕ್ಕೆ ತೊಯ್ಸಿದ ಗೋಣಿಚೀಲ ಸುತ್ತಿಡುವುದು ಎಲ್ಲರ ಮನೆಯಲ್ಲೂ ಇದೆ. ಗುರುಬಾಯಿ ಅಂಗಡಿಯ ಕೊಡಕ್ಕಷ್ಟೇ ಅಲ್ಲ, ಸಿಲಿಂಡರಿಗೂ ಸುತ್ತಿದ್ದಳು. ಬಿಸಿಲಿಗೆ ಸಿಲಿಂಡರು ಕಾಯ್ದು ಸಿಡಿದೀತೆಂಬ ಭಯ ಅವಳಿಗೆ. ಕೊಡ ತಂಪಾದರೆ ಸಿಲಿಂಡರೂ ತಂಪಾಗುತ್ತದಲ್ಲ ಎಂಬ ಆ ವಿಚಾರ ನಮ್ಮ ಊರಿನವರಿಗೆ ಮಾತ್ರ ಹೊಳೆಯುವಂಥದ್ದು. ನಾನು ಅದನ್ನು ಎಷ್ಟೋ ಸಲ ನೋಡಿ, ಜಾಣ ಹೆಂಗಸು ಎಂದು ಮನಸ್ಸಿನಲ್ಲೇ ಹೊಗಳಿದ್ದೆ. ಆದರೆ ಗೋಣಿಚೀಲ ಒದ್ದೆಯಿದ್ದರೆ ತಂಪು. ನಮ್ಮ ಮೇ ತಿಂಗಳ ಬಿಸಿಲಿಗೆ ಅದು ಒಣಗಲು ಎಷ್ಟು ಹೊತ್ತು ಬೇಕು? ಒಣಗಿದ ಚೀಲದ ಮೇಲೆ ದಿನವೂ ಸಿಡಿದ ಎಣ್ಣೆ ಬೇರೆ ಕುಡಿದು ಕೂತಿತ್ತು.

“ಬರ್ರಿ ಸರ, ಇವತ್ತು ಮಾವಾರನ್ನ ಕರಕೊಂಡು ಬಂದೀರಿ,” ಎಂದು ಗುರುಬಾಯಿ ಬೆಂಚು ಒರೆಸಿದಳು. ನನಗಾಗಿ ಯಾವಾಗಲೂ ಹಾಕುವಂತೆ ಹಿಂಡಿ ಒಂದು ಚಿಟಿಕೆ ಜಾಸ್ತಿಯೇ ಉದುರಿಸಿದಳು. ಮಾವನವರು ಮೊದಲ ತುತ್ತು ಕಚ್ಚಿ ಕಣ್ಣು ಮುಚ್ಚಿದರು. ನಾನು ಗಡಿಯಾರ ನೋಡಿ, ತಡೆಯಲಾರದೆ ನನ್ನ ಪಾವನ್ನೂ ದೊಡ್ಡದಾಗಿ ಕಚ್ಚಿದೆ. ಗುರುಬಾಯಿ ಇನ್ನೊಂದು ಸುತ್ತಿನ ಮೆಣಸಿನಕಾಯಿಗಳನ್ನು ಎಣ್ಣೆಗೆ ಬಿಟ್ಟಳು. ಎಣ್ಣೆ ಉಕ್ಕಿ ಭಟ್ಟಿಯ ಮೇಲೆ ಚೆಲ್ಲಿತು, ಅಲ್ಲೇ ಭಗ್ಗೆಂದು ಹತ್ತಿತು, ಹತ್ತಿದ ಎಣ್ಣೆ ಹನಿಹನಿಯಾಗಿ ಕೆಳಗೆ ಇಳಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮೇಜಿನ ಕೆಳಗಿನ ಗೋಣಿಚೀಲ ಪೂರ್ತಿ ಹೊತ್ತಿಕೊಂಡು, ಸಿಲಿಂಡರೆಂಬುದು ಉರಿಯುವ ಒಂದು ಕೊಡದ ಹಾಗೆ ಕಂಡಿತು.

ತಮಾಷೆ ಮಾಡಲು ಇಲ್ಲಿ ಏನೂ ಇಲ್ಲ. ಬೆಂಚಿನಿಂದ ಆ ಬೆಂಕಿಗೆ ಒಂದು ಮೊಳದ ದೂರ. ಮಾವನವರ ಮೊಣಕಾಲು ಆಸರೆಯಿಲ್ಲದೆ ಏಳಲು ಬಿಡುವುದಿಲ್ಲ. ಗುರುಬಾಯಿ “ಅಯ್ಯಯ್ಯೋ” ಎನ್ನುತ್ತ ಹಿಂದೆ ಸರಿದವಳು ಗೋಡೆಗೆ ಒರಗಿ ಕಲ್ಲಾಗಿದ್ದಳು. ಜನ ದಿಕ್ಕು ದಿಕ್ಕಿಗೆ ಓಡಿದರು. ನನ್ನ ಬಾಯಿ ತುಂಬ ಸುಡುವ ಭಜಿ, ಕಣ್ಣಲ್ಲಿ ಖಾರದ ನೀರು. ಕೂಗಬೇಕೆಂದರೆ ಕೂಗು ಬರಲಿಲ್ಲ, ಓಡಬೇಕೆಂದರೆ ಕಾಲು ನನ್ನವಲ್ಲ ಎನ್ನುವ ಹಾಗೆ ನಿಂತವು. ಆಗ, ಕಾರಿಗೆ ನೆರಳು ಹುಡುಕಿ ನಿಲ್ಲಿಸಲು ಹೋಗಿದ್ದ ಶಿವರಾಜ ಓಡಿ ಬಂದ. ನೀರಿನ ಕೊಡಕ್ಕೆ ಸುತ್ತಿದ್ದ ಒದ್ದೆ ಚೀಲವನ್ನು ಕಿತ್ತು ಕೈಗೆ ಸುತ್ತಿಕೊಂಡ, ಬಗ್ಗಿದ, ಉರಿಯುವ ಚೀಲವನ್ನು ಸಿಲಿಂಡರಿನಿಂದ ಎಳೆದು ರಸ್ತೆಗೆ ಎಸೆದ, ರೆಗ್ಯುಲೇಟರ್ ತಿರುವಿದ, ಕೊಡದ ನೀರನ್ನು ಸಿಲಿಂಡರಿನ ಮೇಲೆ ಬೋರಲು ಹಾಕಿದ. ಆಮೇಲೆ ಮಾವನವರ ಕಂಕುಳಿಗೆ ಕೈಹಾಕಿ ಎತ್ತಿ ರಸ್ತೆಯಾಚೆ ಕೂರಿಸಿದ. ಎಲ್ಲ ಮುಗಿದಾಗ ನಾನು ಇನ್ನೂ ಅಲ್ಲೇ ನಿಂತಿದ್ದೆ. ನನ್ನ ಒಂದು ಕೈಯಲ್ಲಿ ನನ್ನ ಪಾವಿನ ತಟ್ಟೆ ಇತ್ತು. ಇನ್ನೊಂದರಲ್ಲಿ ಮಾವನವರ ತಟ್ಟೆ. ಅದನ್ನು ನಾನು ಯಾವಾಗ ಎತ್ತಿಕೊಂಡೆನೋ ಈವರೆಗೂ ನನಗೆ ತಿಳಿದಿಲ್ಲ.

ಆ ತಟ್ಟೆಯೇ ನನಗೆ ಮುಳುವಾಯಿತು. ಮಾವನವರು ಬಟ್ಟೆ ಅಂಗಡಿಯವರೆಂದು ಹೇಳಿದೆನಲ್ಲ. ಇದ್ದ ಬಟ್ಟೆಯನ್ನು ಬಿಡಿಸಿ ಬಿಡಿಸಿ ತೋರಿಸುವುದು ಅವರಿಗೆ ರೂಢಿ. ಅಳಿಯ ಜೀವ ಉಳಿಸಿದ ಕತೆಯನ್ನು ಕೇಳಲು ಜೇವರ್ಗಿಯ ಓಣಿಯೆಲ್ಲ ಬಂತು. ಬಂದವರಿಗೆಲ್ಲ ಅವರು ಹೇಳಿದರು. ಚೀಲ ಹತ್ತಿದ್ದು, ಶಿವಣ್ಣ ಬಗ್ಗಿದ್ದು, ಅವನ ಕೈ ಸುಟ್ಟದ್ದು ಎಲ್ಲ ಆದಮೇಲೆ ಕೊನೆಗೆ ದನಿ ತಗ್ಗಿಸಿ, “ನಮ್ಮ ಮಾಸ್ತರ್ರು ಪಾವ್ ಉಳಿಸಿದ್ರು,” ಅನ್ನುತ್ತಿದ್ದರು. ಇದರಲ್ಲಿ ಚುಚ್ಚುವ ಉದ್ದೇಶ ಇರಲಿಲ್ಲ. ಇಬ್ಬರು ಅಳಿಯಂದಿರಿಗೂ ಒಂದೊಂದು ಕೆಲಸ ಹಂಚಿ ನ್ಯಾಯ ಮಾಡಿದೆನೆಂದೇ ಅವರು ತಿಳಿದಿದ್ದರು. ಕೇಳಿದ ಹೆಂಗಸರು ಮಾತ್ರ ಸೀರೆಯ ಸೆರಗು ಬಾಯಿಗೆ ಹಿಡಿದು ನನ್ನತ್ತ ನೋಡುತ್ತಿದ್ದರು.

ಪಾರಾದ ಹರಕೆಗೆಂದು ಅತ್ತೆ ಗುಡಿಯಲ್ಲಿ ಪೂಜೆ ಮಾಡಿಸಿ ಮತ್ತೊಮ್ಮೆ ಸೀಕರಣಿ ಊಟ ಇಟ್ಟರು. ಶಿವರಾಜನ ಬಲಗೈಗೆ ಬಿಳಿ ಪಟ್ಟಿ. ಆ ಪಟ್ಟಿ ಇಡೀ ಪಡಸಾಲೆಗೆ ಕಾಣುವಷ್ಟು ಬೆಳ್ಳಗಿತ್ತು. ಶಶಿಕಲಾ ಹೋಳಿಗೆ ಮುರಿದು ಅವನ ಬಾಯಿಗಿಡುತ್ತಿದ್ದಳು. ನನ್ನ ಹೆಂಡತಿ ಅವನಿಗೆ ಗಾಳಿ ಬೀಸುತ್ತಿದ್ದಳು, ಫ್ಯಾನು ತಿರುಗುತ್ತಿದ್ದರೂ. ಅತ್ತೆ ಸೀಕರಣಿಯ ಪಾತ್ರೆ ಹಿಡಿದು ಬಂದರು. ನಾನು ತಾಟನ್ನು ಸ್ವಲ್ಪ ಮುಂದೆ ಸರಿಸಿದೆ. ಸೌಟು ನನ್ನ ತಾಟಿನ ಮೇಲಿಂದ ಹಾದುಹೋಗಿ ಶಿವರಾಜನ ತಾಟಿನಲ್ಲಿ ಬಿತ್ತು. “ಅತ್ತಿಯವರ, ಅಣ್ಣಾರಿಗೆ ಮೊದಲ ಹಾಕ್ರಿ,” ಎಂದು ಅವನು ಹೇಳಿದ. “ಅವರೇನ್ ಹೊರಗಿನವರ, ತಡೀತಾರ,” ಎಂದರು ಅತ್ತೆ. ನಾನು ತಡೆದೆ. ಮಾವನವರನ್ನು ಒಂದೇ ಒಂದು ಪ್ರಶ್ನೆ ಕೇಳಿ ಮನಸ್ಸು ಹಗುರ ಮಾಡಿಕೊಳ್ಳೋಣವೆಂದು, “ಮಾವಾರ, ಆವತ್ತು ಗುರುಬಾಯಿ ಪಾವಿನ ರುಚಿ ಹ್ಯಾಂಗಿತ್ರಿ?” ಅಂದೆ.

“ರುಚಿ ಯಾರಿಗೆ ನೆನಪದ ಮಾಸ್ತರ. ಆದ್ರ ಒಂದ್ ಮಾತು. ಇನ್ಮ್ಯಾಲ ಯಾರರೆ ಕೇಳಿದ್ರ ನಾ ಅಫಜಲಪುರದ್ದೇ ಹೇಳಾಂವ. ನಮ್ಮ ಶಿವಣ್ಣ ಜೀವ ಉಳಿಸಿದ ಜಾಗಾ ಅದು.”

ಹೀಗೆ ನಾನು ಗೆದ್ದೆ. ನನ್ನ ಊರು ಗೆದ್ದಿತು, ನಾನು ಹೇಳಿದ ಅಂಗಡಿ ಗೆದ್ದಿತು, ಗೆಲುವು ಶಿವರಾಜನಿಗೆ ಹೋಯಿತು. ಅಂದಿನಿಂದ ಗಾಣಗಾಪುರಕ್ಕೆ ಹೊರಟ ನೆಂಟರು ನನಗೆ ಫೋನ್ ಮಾಡುವುದು ನಿಂತಿತು. ಅವರು ಆಳಂದಕ್ಕೆ ಫೋನ್ ಮಾಡಿ, ‘ನೀವು ಬೆಂಕಿ ಆರಿಸಿದ ಅಂಗಡಿ ಎಲ್ಲಿ ಬರ್ತದರಿ’ ಎಂದು ಕೇಳುತ್ತಿದ್ದರು. ಆಳಂದದ ಮನುಷ್ಯ ಅಫಜಲಪುರದ ದಾರಿ ಹೇಳುತ್ತಿದ್ದ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು, ಅದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ನನಗೆ ನಿದ್ದೆ ಹೋಗಿತ್ತು. ಕಣ್ಣು ಮುಚ್ಚಿದರೆ ಮೇಜಿನ ಕೆಳಗೆ ಆ ಚೀಲ ಹೊತ್ತಿಕೊಳ್ಳುತ್ತಿತ್ತು. ಸುವರ್ಣಾ ಒಗ್ಗರಣೆಗೆ ಸಾಸಿವೆ ಹಾಕಿದರೆ ನಾನು ಅಂಗಳಕ್ಕೆ ಬಂದು ನಿಲ್ಲುತ್ತಿದ್ದೆ. ಕುಕ್ಕರ್ ಸೀಟಿ ಹೊಡೆದರೆ ಕೈಲಿದ್ದ ಪೇಪರು ಕೆಳಗೆ ಬೀಳುತ್ತಿತ್ತು. ಕ್ಲಾಸಿನಲ್ಲಿ ಪಾಠ ಮಾಡುತ್ತ ಮಾಡುತ್ತ ಸುಮ್ಮನಾಗುತ್ತಿದ್ದೆ. ಹುಡುಗರು ಗಹನವಾದದ್ದೇನೋ ಬರುತ್ತಿದೆಯೆಂದು ಪೆನ್ನು ಹಿಡಿದು ಕಾಯುತ್ತಿದ್ದರು. ಹಾಸಿಗೆಯಲ್ಲಿ ಅಲುಗಾಡದೆ ಬಿದ್ದುಕೊಂಡು ಅದೇ ಬೆಂಕಿಯನ್ನು ಮೊದಲಿನಿಂದ ನಡೆಸುತ್ತಿದ್ದೆ. ಅಲುಗಾಡಿದರೆ ಸುವರ್ಣಾಳಿಗೆ ಎಚ್ಚರವಾಗಿ, ಪಾವ್ ಉಳಿಸಿದ ಗಂಡ ಪುಕ್ಕಲನೂ ಹೌದು ಎಂದು ಗೊತ್ತಾದೀತಲ್ಲ. ಪ್ರತಿಸಲವೂ ಕತೆಯನ್ನು ಸ್ವಲ್ಪ ತಿದ್ದುತ್ತಿದ್ದೆ. ಒಮ್ಮೆ ನಾನೇ ಬಗ್ಗಿ ಚೀಲ ಎಳೆಯುತ್ತಿದ್ದೆ. ಒಮ್ಮೆ ಮಾವನವರನ್ನು ಎತ್ತಿಕೊಂಡು ಹೋಗುತ್ತಿದ್ದೆ. ಒಮ್ಮೆ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಶಿವರಾಜ ನಿಂತಿರುತ್ತಿದ್ದ. ಅದು ಬಹಳ ಸೊಗಸಾಗಿತ್ತು. ಆದರೂ ಕೊನೆಗೆ ಬೆಂಕಿ ಮಾತ್ರ ನಿಜವಾದದ್ದೇ ಬರುತ್ತಿತ್ತು, ನನ್ನ ಕಾಲು ಮತ್ತೆ ನಿಲ್ಲುತ್ತಿತ್ತು. ಆಗ ನನಗೆ ಶಿವರಾಜನ ಮೇಲೆ ಎಲ್ಲಕ್ಕಿಂತ ಹೆಚ್ಚು ಹೊಟ್ಟೆಕಿಚ್ಚಾಗುತ್ತಿತ್ತು. ಧೈರ್ಯವಂತನಿಗೆ ನಿದ್ದೆಯೂ ಚೆನ್ನಾಗಿ ಬರುತ್ತಿರಬೇಕಲ್ಲ. ಆಳಂದದಲ್ಲಿ ಅವನು ಪಟ್ಟಿ ಕಟ್ಟಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ತೃಪ್ತಿಯಿಂದ ಮಲಗಿರುವುದು ನನಗೆ ಕಾಣುತ್ತಿತ್ತು.

ಹೆದರಿಸಿದ ಬೆಂಕಿಯನ್ನೇ ಮತ್ತೊಮ್ಮೆ ಹೋಗಿ ನೋಡಿದರೆ ಭಯ ಹೋಗುತ್ತದೆಂದು ಯಾರೋ ಹೇಳಿದ್ದು ಕೇಳಿ, ಒಂದು ದಿನ ಕಾಲೇಜು ಮುಗಿಸಿ ಗುರುಬಾಯಿಯ ಅಂಗಡಿಗೆ ಹೋದೆ. ಅವಳು ಹೊಸ ತಗಡು ಹಾಕಿಸಿದ್ದಳು. ಸಿಲಿಂಡರು ಈಗ ಗೋಡೆಯಾಚೆ, ಚೀಲವಿಲ್ಲದೆ ಬರಿಮೈಯಲ್ಲಿ ನಿಂತಿತ್ತು. ಆದರೆ ಸುಟ್ಟ ಗೋಣಿಚೀಲದ ಒಂದು ತುಂಡನ್ನು ನಿಂಬೆಹಣ್ಣು ಮೆಣಸಿನಕಾಯಿಯ ಜೊತೆ ಪೋಣಿಸಿ ಮುಂದಿನ ಕಂಬಕ್ಕೆ ದೃಷ್ಟಿಗೆ ಕಟ್ಟಿದ್ದಳು. ಅದನ್ನು ನೋಡಿದ ಕೂಡಲೇ ನಾನು ಬೆಂಚಿನ ಆಚೆ ತುದಿಗೆ ಹೋಗಿ ನಿಂತೆ.

“ಬರ್ರಿ ಸರ. ತಮ್ಮಾರ್ ಬರ್ಲಿಲ್ಲೇನ್ರಿ?” ಅಂದಳು ಗುರುಬಾಯಿ. ವರ್ಷಗಟ್ಟಲೆ ಅವಳ ಗಿರಾಕಿ ನಾನು. ಪಕ್ಕದಲ್ಲಿ ನಿಂತವನಿಗೆ ಅವಳು ನನ್ನ ಪರಿಚಯ ಹೇಳಿದಳು. “ಆ ಬೆಂಕಿ ಆರಿಸಿದ್ರಲ್ಲ, ಅವರ ಅಣ್ಣಾರಪಾ ಇವರು.”

ನಾನು ಮುಖ ತಿರುಗಿಸಿ ರಸ್ತೆಯಾಚೆ ನೋಡಿದರೆ, ಬೇವಿನ ಮರದ ನೆರಳಲ್ಲಿ ಶಿವರಾಜನ ಕಾರು ನಿಂತಿತ್ತು. ಕಿಟಕಿಯ ಗಾಜು ಮೇಲೆ. ಒಳಗೆ ಅವನೊಬ್ಬನೇ. ಹೋಗಿ ಗಾಜು ತಟ್ಟಿದೆ. ಅವನು ಬೆಚ್ಚಿಬಿದ್ದ.

“ಯಾವಾಗ ಬಂದಿಪಾ? ಇಲ್ಯಾಕ ಕುಂತಿ, ಮನಿಗೆ ಬರಬೇಕಿಲ್ಲ?”

“ಕುಂಡ್ರಿ ಅಣ್ಣಾರ,” ಎಂದು ಬಾಗಿಲು ತೆರೆದ. ಪಟ್ಟಿ ಬಿಚ್ಚಿದ್ದ ಕೈಯ ಮೇಲೆ ಎಳೆಯ ಚರ್ಮ ಕೆಂಪಗೆ ಹೊಳೆಯುತ್ತಿತ್ತು. ಸ್ಟೇರಿಂಗ್ ಮೇಲಿನ ಧೂಳು ಒರೆಸುತ್ತ, “ಇಳೀಬೇಕಂತ ಬಂದೇನಿ. ಆ ಭಟ್ಟಿ ಸಪ್ಪಳ ಕೇಳಿದ್ರ ಕಾಲ ಬರಾಕತ್ತಿಲ್ಲ,” ಅಂದ.

“ನಿನಗ?”

“ನಿದ್ದಿನೇ ಇಲ್ಲರಿ ಅಣ್ಣಾರ. ಕಣ್ ಮುಚ್ಚಿದ್ರ ಆ ಚೀಲ ಬರ್ತದ. ಮಿಲ್ಲಿನಾಗ ಬೇಳಿ ಚೀಲ ನೋಡಿದ್ರೂ ಕೈ ನಡಗ್ತದ. ನನ್ನ ವ್ಯಾಪಾರನೇ ಚೀಲದ್ದು. ಹಮಾಲರ ಮುಂದ ಕೈ ಕಿಸೆದಾಗ ಇಟ್ಕೊಂಡು ನಿಂದ್ರತೇನಿ.” ಅವನು ನಗಲು ನೋಡಿದ, ಆಗಲಿಲ್ಲ. “ಯಾರಿಗೂ ಹೇಳಿಲ್ಲ. ಶಶಿಗೂ ಹೇಳಿಲ್ಲ. ಎಲ್ಲಾರೂ ಹುಲಿ ಹುಲಿ ಅನ್ನಾಕತ್ತಾರ. ಹುಲಿ ಹ್ಯಾಂಗ್ ಹೇಳ್ತದರಿ?”

ನನಗೆ ಆ ಕ್ಷಣದಲ್ಲಿ ಏನಾಯಿತೆಂದು ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಮೊದಲು ಪಾಪ ಅನಿಸಿತು. ಅದರ ಬೆನ್ನಿಗೇ ಒಳಗೆಲ್ಲೋ ಒಂದು ತಂಪು ಗಾಳಿ ಬೀಸಿತು. ಇವನಿಗೂ ನಿದ್ದೆಯಿಲ್ಲ. ಇಷ್ಟು ದಿನ ನಾನೊಬ್ಬನೇ ಎಚ್ಚರವಿದ್ದೆನೆಂದು ತಿಳಿದಿದ್ದೆನಲ್ಲ.

“ನಿಮಗ ಹ್ಯಾಂಗರಿ? ನಿದ್ದಿ ಬರ್ತದ?”

“ಬರ್ತದಪಾ,” ಎಂದೆ. “ಯಾಕ್ ಬರಂಗಿಲ್ಲ.”

“ನೀವು ಓದಿದವರು. ಮನಸ ಗಟ್ಟಿ ಇರ್ತದ.”

“ಅಭ್ಯಾಸ ಅಷ್ಟೇ,” ಎಂದೆ. ಹಿರಿಯನ ದನಿ ತಂತಾನೇ ಬಂತು. “ಮನಸಿನಾಗ ಇಟ್ಕೋಬ್ಯಾಡ. ಶಶಿಗೆ ಹೇಳು. ಹೆಂಡ್ತಿ ಮುಂದ ಹೇಳಿದ್ರ ಹಗುರ ಆಗ್ತದ.” ನನ್ನ ಹೆಂಡತಿಗೆ ನಾನು ಹೇಳಿಲ್ಲವೆಂಬುದು ಈ ಉಪದೇಶಕ್ಕೆ ಅಡ್ಡ ಬರಲಿಲ್ಲ. ಆಮೇಲೆ ನಾನೇ ರಸ್ತೆ ದಾಟಿ, ಭಟ್ಟಿಯ ಸಪ್ಪಳವನ್ನು ಹಲ್ಲು ಕಚ್ಚಿ ತಡೆದು, ಎರಡು ಮಿರ್ಚಿ ಪಾವ್ ಕಟ್ಟಿಸಿಕೊಂಡು ಬಂದೆ. ಕಾರಿನಲ್ಲಿ ಗಾಜು ಏರಿಸಿಕೊಂಡು ಇಬ್ಬರೂ ತಿಂದೆವು. ಅವನು ಮೊದಲ ತುತ್ತು ಅಗಿದು, ಎರಡನೆಯದನ್ನೂ ಅಗಿದು, ಪಾವನ್ನು ತಿರುಗಿಸಿ ನೋಡಿ ಹೇಳಿದ.

“ಖರೇ ಹೇಳ್ತೇನಿ ಅಣ್ಣಾರ. ಇದು ನಮ್ಮ ಆಳಂದದ್ದಕ್ಕಿಂತ ಛಂದ ಅದ. ಮೊದಲಿಂದನೂ ನೀವೇ ಬರೋಬರ್ ಇದ್ರಿ.”

ನಾನು ಆವತ್ತು ಮಾವನವರ ಬಾಯಿಂದ ಕೇಳಬೇಕೆಂದು ಕಾದಿದ್ದ ಮಾತು ಅದು. ಕಾರಿನ ಗಾಜು ಮೇಲಿತ್ತು. ಜೇವರ್ಗಿಯ ಓಣಿಯವರು ಯಾರೂ ಹತ್ತಿರದಲ್ಲಿರಲಿಲ್ಲ. ಇಷ್ಟು ಒಳ್ಳೆಯ ಮಾತನ್ನು ಇಷ್ಟು ತಪ್ಪು ಜಾಗದಲ್ಲಿ ಹೇಳುವುದೂ ಶಿವರಾಜನಿಗೇ ಸಾಧ್ಯ. ಆದರೂ ನಾನು ತಕರಾರು ಮಾಡಲಿಲ್ಲ. ಮನೆಗೆ ಬಂದು ಊಟ ಮಾಡಿದೆ. ಕುಕ್ಕರ್ ಸೀಟಿ ಹೊಡೆಯಿತು, ನಾನು ಅಲುಗಾಡಲಿಲ್ಲ. ದಿಂಬಿಗೆ ತಲೆಯಿಟ್ಟದ್ದಷ್ಟೇ ಗೊತ್ತು. ಕಣ್ಣು ತೆರೆದಾಗ ಅಂಗಳದಲ್ಲಿ ಬಿಸಿಲು ಬಿದ್ದಿತ್ತು, ಸುವರ್ಣಾ ಚಹಾದ ಕಪ್ಪು ಹಿಡಿದುಕೊಂಡು ಮಂಚದ ಹತ್ತಿರ ನಿಂತಿದ್ದಳು. ಅವಳ ಮುಖ ನೋಡಿದರೆ ಅಳು ಬಂದು ಹೋದ ಹಾಗಿತ್ತು.

“ಶಶಿ ಫೋನ್ ಮಾಡಿದ್ಲು,” ಅಂದಳು. “ಶಿವರಾಜಗ ಆವತ್ತಿನಿಂದ ನಿದ್ದಿನೇ ಇಲ್ಲಂತ. ಇಷ್ಟ್ ದಿನ ಬಾಯಿ ಮುಚಗೊಂಡು ಒಬ್ಬನೇ ನುಂಗ್ಯಾನ. ನಿನ್ನಿ ರಾತ್ರಿ ಹೇಳ್ಯಾನ. ನಮ್ಮವ್ವನೂ ಅಳಾಕತ್ತಾಳ. ಧೈರ್ಯ ಇದ್ದವರಿಗೆ ಮನಸೂ ಎಷ್ಟ್ ಮೆತ್ತಗ ಇರ್ತದ ನೋಡ್ರಿ.”

ನಾನು ಕಪ್ಪು ತೆಗೆದುಕೊಂಡೆ. ನನಗೂ ನಿದ್ದೆ ಇರಲಿಲ್ಲ ಎಂದು ಹೇಳಲು ಬಾಯಿ ತೆರೆದೆ.

“ನೀವೂ ಅಲ್ಲೇ ಇದ್ರಿ,” ಎಂದು ಅವಳು ಹಾಸಿಗೆಯ ಚಾದರ ಎಳೆದು ಕೊಡವತೊಡಗಿದಳು. “ಎಂಥಾ ಗೊರಕಿರಿ ಅದು. ಪಕ್ಕದ ಮನಿ ಕಾಕೂ ಮುಂಜಾನೆ ಎದ್ದು ಕೇಳಿದ್ರು, ಸರಿಗೆ ಆರಾಮ ಇಲ್ಲೇನು ಅಂತ.”

ತೆರೆದ ಬಾಯಿಗೆ ಚಹಾ ಸುರಿದುಕೊಂಡೆ. ನಾನು ನಿದ್ದೆಗೆಟ್ಟ ಅಷ್ಟೂ ರಾತ್ರಿಗಳಿಗೆ ಒಬ್ಬ ಸಾಕ್ಷಿಯೂ ಇಲ್ಲ. ನಿದ್ದೆ ಮಾಡಿದ ಈ ಒಂದು ರಾತ್ರಿಗೆ ಓಣಿಯೇ ಸಾಕ್ಷಿ.